ಆ ಊರಿನ ಹೆಂಗಸರು ಯಾರಿಗೆ ಓಟು ಹಾಕಿದರು?

ನಮ್ಮ ಪೇಟೆಯಲ್ಲಿ ಹೆಂಗಸರೇ ಸೇರಿ ನಡೆಸುವ ಓದಿನ ಬಳಗವೊಂದಿದೆ. ತಿಂಗಳಿಗೊಂದು ಶನಿವಾರ, ಮಧ್ಯಾಹ್ನದ ಕೆಲಸವೆಲ್ಲ ಮುಗಿದ ಮೇಲೆ, ಯಾರದಾದರೂ ಮನೆಯ ಜಗಲಿಯಲ್ಲಿ ಕೂರುತ್ತೇವೆ. ಒಬ್ಬರು ಪುಸ್ತಕದ ಕಥೆ ಹೇಳುವುದು, ಉಳಿದವರು ನಡುನಡುವೆ ಬಾಯಿ ಹಾಕುವುದು, ಕೊನೆಗೆ ಚಹಾ, ಅವಲಕ್ಕಿ. ಕಳೆದ ವರ್ಷ ನನ್ನ ಸರದಿ ಬಂದಾಗ ಚಿನುವ ಅಚೆಬೆಯವರ ‘ಎ ಮ್ಯಾನ್ ಆಫ್ ದಿ ಪೀಪಲ್’ ಕಾದಂಬರಿಯನ್ನು ಎತ್ತಿಕೊಂಡೆ. ನನಗೆ ಅದು ಹಳೆಯ ಪ್ರೀತಿಯ ಪುಸ್ತಕ. ಸುಮಾರು ಮೂವತ್ತು ವರ್ಷಗಳ ಹಿಂದೆ ಅದರ ಮೇಲೆ ಒಂದು ಲೇಖನ ಬರೆದು ಪತ್ರಿಕೆಯಲ್ಲಿ ಅಚ್ಚಾದಾಗ ಊರೆಲ್ಲ ತೋರಿಸಿಕೊಂಡು ಬಂದವಳು ನಾನು. ಹಾಗಾಗಿ ಕಥೆಯನ್ನು ಬಹಳ ಠೀವಿಯಿಂದಲೇ ಹೇಳಿದೆ. ಎಲ್ಲರೂ ನಗುವಲ್ಲಿ ನಕ್ಕರು, ತಲೆದೂಗುವಲ್ಲಿ ತಲೆದೂಗಿದರು. ಮುಗಿದ ಮೇಲೆ ನಮ್ಮ ಬಳಗದ ಹಿರಿಯರಾದ, ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೇಳಿದರು: “ಅಲ್ಲ ಮಾರಾಯ್ತಿ, ಇಡೀ ಕಥೆ ಚುನಾವಣೆಯದ್ದು ಅಂತೀ. ಆ ಊರಿನ ಹೆಂಗಸರು ಯಾರಿಗೆ ಓಟು ಹಾಕಿದರು?”

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಪುಸ್ತಕ ತಿರುವಿದರೆ ಅದರಲ್ಲೂ ಇರಲಿಲ್ಲ.

ಕಾದಂಬರಿ ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಡಿಲಿ ಎಂಬ ತರುಣ ಮೇಷ್ಟರು ಕಥೆಯ ನಿರೂಪಕ. ಅವನಿಗೆ ಒಂದು ಕಾಲದಲ್ಲಿ ಪಾಠ ಹೇಳಿದ್ದ ನಂಗಾ ಈಗ ಸಂಸ್ಕೃತಿ ಮಂತ್ರಿ. ಮಾತಿನ ಮಲ್ಲ, ಜನಾನುರಾಗಿ, ಮೂಗಿನವರೆಗೂ ತಿಂದವನು. ನಂಗಾ ಒಡಿಲಿಯನ್ನು ರಾಜಧಾನಿಯ ತನ್ನ ಮನೆಗೆ ಕರೆಸಿಕೊಳ್ಳುತ್ತಾನೆ, ಅಲ್ಲಿ ಒಡಿಲಿಯ ಗೆಳತಿ ಎಲ್ಸಿಯನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತಾನೆ. ಒಡಿಲಿ ಅದಕ್ಕೆ ಸೇಡು ತೀರಿಸಿಕೊಳ್ಳಲು ನಂಗಾ ಎರಡನೆಯ ಹೆಂಡತಿಯಾಗಿ ಗೊತ್ತುಮಾಡಿಕೊಂಡ ಎಡ್ನಾ ಎಂಬ ಹುಡುಗಿಯ ಹಿಂದೆ ಬೀಳುತ್ತಾನೆ, ಗೆಳೆಯ ಮ್ಯಾಕ್ಸ್ ಕಟ್ಟಿದ ಹೊಸ ಪಕ್ಷ ಸೇರಿ ನಂಗಾನ ಎದುರೇ ಚುನಾವಣೆಗೆ ನಿಲ್ಲುತ್ತಾನೆ. ಏಟು ತಿಂದು ಆಸ್ಪತ್ರೆ ಸೇರುತ್ತಾನೆ. ಮ್ಯಾಕ್ಸ್‌ನ ಮೇಲೆ ಜೀಪು ಹರಿಯುತ್ತದೆ. ಕೊನೆಗೆ ಮಿಲಿಟರಿ ಬಂದು ಎಲ್ಲರನ್ನೂ ಗುಡಿಸಿ ಹಾಕುತ್ತದೆ. ಪುಸ್ತಕ ಹೊರಬಂದದ್ದು 1966ರ ಜನವರಿಯಲ್ಲಿ, ನೈಜೀರಿಯಾದ ಮೊದಲ ಸೈನಿಕ ದಂಗೆ ನಡೆದದ್ದೂ ಅದೇ ಜನವರಿಯ 15ರಂದು. ಕಾದಂಬರಿಯಲ್ಲಿ ದೇಶಕ್ಕೆ ಹೆಸರಿಲ್ಲವಾದರೂ ಯಾವ ದೇಶವೆಂಬುದು ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ.

ಈಗ ಹೆಂಗಸರನ್ನಷ್ಟೇ ಹುಡುಕುತ್ತ ಓದಿ ನೋಡೋಣ. ಮೊದಲ ಪುಟಗಳಲ್ಲೇ ಮಂತ್ರಿಯನ್ನು ಸ್ವಾಗತಿಸಲು ಹೊಸ ಸಮವಸ್ತ್ರ ತೊಟ್ಟು ಕುಣಿಯುವ ಮಹಿಳಾ ಕೂಟವಿದೆ. ಅದರಲ್ಲಿ ಕಂಚಿನ ಕಂಠದ ಹಾಡುಗಾರ್ತಿಯೊಬ್ಬಳು. ಊರವರು ಅವಳಿಗಿಟ್ಟ ಅಡ್ಡಹೆಸರು ‘ಗ್ರಾಮರ್‌ಫೋನ್’. ಅವಳ ನಿಜ ಹೆಸರು ನಮಗೆ ತಿಳಿಯುವುದಿಲ್ಲ. ಮುಂದೆ ನಂಗಾನ ಹೆಂಡತಿ ಬರುತ್ತಾಳೆ. ಮಕ್ಕಳು ತಾಯಿನುಡಿ ಮರೆಯಬಾರದೆಂದು ವರ್ಷಕ್ಕೊಮ್ಮೆ ಊರಿಗೆ ಕರೆದುಕೊಂಡು ಹೋಗುವ, ಸವತಿ ಬರುತ್ತಾಳೆಂದು ಗೊತ್ತಿದ್ದೂ ನುಂಗಿಕೊಂಡಿರುವ ಹೆಂಗಸು. ಅಚೆಬೆ ಅವಳನ್ನು ಕರುಣೆಯಿಂದಲೇ ಬರೆದಿದ್ದಾರೆ. ಎಲ್ಸಿಯನ್ನು ಒಬ್ಬ ಕಿತ್ತುಕೊಂಡ, ಎಡ್ನಾಳನ್ನು ಇನ್ನೊಬ್ಬ ಕಿತ್ತುಕೊಂಡ, ಅಲ್ಲಿಗೆ ಲೆಕ್ಕ ಚುಕ್ತಾ. ಎಡ್ನಾಳ ತೆರದ ಹಣವನ್ನು ನಂಗಾನಿಗೆ ಹಿಂದಿರುಗಿಸಲು ಪಕ್ಷದ ಚುನಾವಣಾ ನಿಧಿಯಿಂದಲೇ ‘ಸಾಲ’ ತೆಗೆದುಕೊಳ್ಳೋಣವೆಂದು ಒಡಿಲಿ ಒಳಗೊಳಗೇ ನಿರ್ಧರಿಸುತ್ತಾನೆ. ಲಂಚದ ವಿರುದ್ಧ ನಿಂತವನು! ಇಲ್ಲಿ ಅಚೆಬೆ ತಮ್ಮ ನಾಯಕನನ್ನೂ ಬಿಡದೆ ಚುಚ್ಚುತ್ತಿದ್ದಾರೆ, ಒಪ್ಪಿದೆ. ಹಳೆಯ ಲೇಖನದಲ್ಲಿ ಇದನ್ನೇ ನಾನು ‘ನಿರ್ದಾಕ್ಷಿಣ್ಯ ವ್ಯಂಗ್ಯ’ ಎಂದು ಹೊಗಳಿದ್ದೆ.

ಆದರೆ ಆ ಲೇಖನದಲ್ಲಿ ಇನ್ನೊಂದು ಸಾಲೂ ಇದೆ, ಅದನ್ನು ಈಗ ಓದಿದರೆ ಕಿವಿ ಬಿಸಿಯಾಗುತ್ತದೆ. ಚುನಾವಣೆಯ ದಿನ ಎದುರು ಪಕ್ಷದ ಮಹಿಳಾ ವಿಭಾಗದವರು ಮತಪತ್ರಗಳ ಕಟ್ಟನ್ನು ಒಳಉಡುಪಿನೊಳಗೆ ಅಡಗಿಸಿಕೊಂಡು ಮತಗಟ್ಟೆಗೆ ಸಾಗಿಸುತ್ತಿದ್ದಾರೆಂಬ ಸುದ್ದಿ ಬರುತ್ತದೆ. ಅದನ್ನು ನೋಡಲು ಹೋದಾಗಲೇ ಮ್ಯಾಕ್ಸ್‌ನ ಮೇಲೆ ಜೀಪು ಹರಿಯುವುದು. ನಾನು ಇದನ್ನು ‘ಕಾದಂಬರಿಯ ಅತ್ಯಂತ ಚುರುಕಾದ ನಗೆ ಪ್ರಸಂಗ’ ಎಂದು ಬರೆದಿದ್ದೆ. ಮತಗಟ್ಟೆಯ ಬಳಿ ಹೆಂಗಸರು ಕಾಣಿಸಿಕೊಳ್ಳುವ ಒಂದೇ ಒಂದು ಜಾಗ ಅದು, ಅಲ್ಲಿಯೂ ಅವರು ಕಳ್ಳಸಾಗಣೆಯವರು, ಹಾಸ್ಯಕ್ಕೆ ಸಿಕ್ಕವರು ಎಂಬುದು ನನಗೆ ಅಂದು ಹೊಳೆದೇ ಇರಲಿಲ್ಲ. ಬರೆದವರು ಗಂಡಸು, ಸರಿ. ಓದಿದವಳು ನಾನು ಹೆಂಗಸೇ ಅಲ್ಲವೆ?

ಯೂನಿಸ್ ಇದ್ದಾಳಲ್ಲ ಎಂದು ಯಾರಾದರೂ ಕೇಳಬಹುದು. ಮ್ಯಾಕ್ಸ್‌ನನ್ನು ಮದುವೆಯಾಗಲಿದ್ದವಳು, ವಕೀಲೆ. ಅವನು ಸತ್ತ ಕ್ಷಣದಲ್ಲೇ ಕೈಚೀಲದಿಂದ ಪಿಸ್ತೂಲು ತೆಗೆದು ಕೋಕೋ ಎಂಬ ಪುಢಾರಿಯ ಎದೆಗೆ ಎರಡು ಗುಂಡು ಹೊಡೆಯುತ್ತಾಳೆ. ಇಡೀ ಪುಸ್ತಕದಲ್ಲಿ ಹಿಂದುಮುಂದು ನೋಡದೆ ಏನನ್ನಾದರೂ ಮಾಡುವವಳು ಅವಳೊಬ್ಬಳೇ. ಆದರೆ ಒಡಿಲಿ ಆ ಗುಂಡನ್ನು ಅಳೆಯುವುದು ಹೇಗೆ? ತನಗಾಗಿ ಹೀಗೆ ಮಾಡುವವಳೊಬ್ಬಳಿದ್ದಳೆಂದು ಸತ್ತವನ ಭಾಗ್ಯವಾಗಿ. ಕುಣಿಯುವ ಹೆಂಗಸರು ಒಂದು ತುದಿಗೆ, ಗುಂಡು ಹೊಡೆಯುವವಳು ಇನ್ನೊಂದು ತುದಿಗೆ. ಮಧ್ಯೆ ಸಾಲಿನಲ್ಲಿ ನಿಂತು, ಚೀಟಿ ಪಡೆದು, ಮರೆಗೆ ಹೋಗಿ, ಮಡಚಿ ಹಾಕಿ ಬರುವವಳು ಮಾತ್ರ ಇಲ್ಲ.

ಆ ಮಧ್ಯದವಳನ್ನು ನಾನು ಕಂಡಿದ್ದೇನೆ. ಶಾಲೆಯ ಕೆಲಸದಲ್ಲಿದ್ದ ಕಾಲದಲ್ಲಿ ಚುನಾವಣಾ ಡ್ಯೂಟಿ ತಪ್ಪಿದ್ದಲ್ಲ, ಬೆರಳಿಗೆ ಶಾಯಿ ಹಚ್ಚುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ. ಮತಪತ್ರಗಳಿದ್ದ ಕಾಲ. ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದು ಬಂದವಳು, ಅವನನ್ನು ಹೊರಗೇ ನಿಲ್ಲಿಸಿದಾಗ “ಇಲ್ಲಿಂದ ಮುಂದೆ ನಾನೊಬ್ಬಳೇ ಹೋಗುವುದಾ?” ಎಂದು ನನ್ನನ್ನು ಕೇಳಿದಳು. ಹೌದಮ್ಮ ಅಂದೆ. ಆ ರಟ್ಟಿನ ಮರೆಯ ಹಿಂದೆ ಅವಳು ಎಷ್ಟು ಹೊತ್ತು ನಿಂತಳೆಂದರೆ ನಮ್ಮ ಅಧಿಕಾರಿಗೆ ಚಡಪಡಿಕೆ ಶುರುವಾಯಿತು. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ, ಸೆರಗು ಸರಿಮಾಡಿಕೊಂಡು ಹೋದಳು. ಮೊಮ್ಮಗ ಬಾಗಿಲಲ್ಲಿ ಏನೋ ಕೇಳಿದ, ಅವಳು ಹೇಳಲಿಲ್ಲ.

ಅಚೆಬೆಯವರ ಮೇಲೆ ಈ ದೂರು ಹೊರಿಸುವ ಮೊದಲು ಅವರ ದೇಶದ ಹೆಂಗಸರಿಗೆ ಓಟು ಇತ್ತೇ ಎಂದಾದರೂ ನೋಡಬೇಕಲ್ಲ, ಹುಡುಕಿದೆ. ಅಚೆಬೆಯವರ ಸ್ವಂತ ಸೀಮೆಯಾದ ಪೂರ್ವಭಾಗದಲ್ಲಿ, ಒಟ್ಟಾರೆ ದಕ್ಷಿಣದಲ್ಲಿ, 1950ರ ದಶಕದಲ್ಲೇ ಹೆಂಗಸರಿಗೆ ಓಟು ಬಂದಿತ್ತು. ಅಷ್ಟೇ ಅಲ್ಲ, 1929ರಲ್ಲಿ ತಮ್ಮ ಮೇಲೂ ತೆರಿಗೆ ಬೀಳಲಿದೆಯೆಂಬ ಸುದ್ದಿ ಕೇಳಿ ಬ್ರಿಟಿಷರ ವಿರುದ್ಧ ಸಾವಿರಾರು ಹೆಂಗಸರು ಎದ್ದು ನಿಂತದ್ದು ಆ ಸೀಮೆಯಲ್ಲೇ. ಹಾಗಾಗಿ ನಮ್ಮ ಟೀಚರ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಉತ್ತರದ ಕಥೆ ಬೇರೆ. ಅಲ್ಲಿ ಹೌಸಾ ಮುಸ್ಲಿಂ ಸಮಾಜ, ಹೆಂಗಸರು ಗೋಷೆಯಲ್ಲಿರುವ ಮನೆಗಳು ಹೆಚ್ಚು. ಅವರಿಗೆ ಓಟಿನ ಹಕ್ಕು ಬಂದದ್ದು 1976ರಲ್ಲಿ, ಅದೂ ಚುನಾಯಿತ ಸರ್ಕಾರದಿಂದಲ್ಲ, ಮಿಲಿಟರಿ ಆಡಳಿತದಿಂದ. ಬಂದೂಕು ಹಿಡಿದವರು ಓಟು ಕೊಟ್ಟರೆಂಬ ಈ ವಿಚಿತ್ರವನ್ನು ಯಾವ ಕಾದಂಬರಿಕಾರನೂ ಕಲ್ಪಿಸಿಕೊಂಡಿರಲಾರ.

ಹದಿಮೂರು ವರ್ಷಗಳ ಸೈನಿಕ ಆಳ್ವಿಕೆ, ನಡುವೆ ಒಂದು ಭೀಕರ ಅಂತರ್ಯುದ್ಧ, ಇವೆಲ್ಲ ಕಳೆದ ಮೇಲೆ 1979ರಲ್ಲಿ ನೈಜೀರಿಯಾ ನಾಗರಿಕ ಆಡಳಿತಕ್ಕೆ ಮರಳಿತು. ಜುಲೈ 7ರಿಂದ ಆಗಸ್ಟ್ 11ರ ಒಳಗೆ ಐದು ಶನಿವಾರ ಐದು ಚುನಾವಣೆ: ಸೆನೆಟ್, ಕೆಳಮನೆ, ರಾಜ್ಯದ ಶಾಸನಸಭೆ, ಗವರ್ನರ್, ಕೊನೆಗೆ ಅಧ್ಯಕ್ಷ. ನಮ್ಮ ರಾಜ್ಯಪಾಲರ ಹಾಗೆ ದಿಲ್ಲಿಯಿಂದ ನೇಮಕವಾಗಿ ಬರುವವರಲ್ಲ ಅಲ್ಲಿನ ಗವರ್ನರು; ಜನರೇ ನೇರವಾಗಿ ಆರಿಸುವ, ರಾಜ್ಯದ ಆಡಳಿತ ನಡೆಸುವ ಮುಖ್ಯಸ್ಥ. 19 ರಾಜ್ಯ, 5 ಪಕ್ಷ. ಜುಲೈ 28ರ ಗವರ್ನರ್ ಚುನಾವಣೆಯಲ್ಲಿ ದೊಡ್ಡ ಪಕ್ಷವಾದ ಎನ್‌ಪಿಎನ್‌ಗೆ 7 ರಾಜ್ಯ ಬಂದವು. ಎಲ್ಲಕ್ಕಿಂತ ಬಡ ಪಕ್ಷವೆನ್ನಬಹುದಾದ ಪಿಆರ್‌ಪಿಗೆ ಎರಡು, ಎರಡೂ ಉತ್ತರದವು: ಕಾನೋ ಮತ್ತು ಕಡೂನಾ.

ಕಡೂನಾದ ಫಲಿತಾಂಶವನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕೆಂದುಕೊಂಡೆ. ಒಂದು ಶನಿವಾರ ಆ ರಾಜ್ಯದ ಮತದಾರರು ಶಾಸನಸಭೆಯ 99 ಸ್ಥಾನಗಳಲ್ಲಿ 64ನ್ನು ಎನ್‌ಪಿಎನ್‌ಗೆ ಕೊಟ್ಟರು, ಪಿಆರ್‌ಪಿಗೆ ಬರೀ 16. ಮುಂದಿನ ಶನಿವಾರ ಅದೇ ಮತದಾರರು ಎನ್‌ಪಿಎನ್‌ನ ಲವಾಲ್ ಕೈತಾ ಅವರನ್ನು ಬಿಟ್ಟು ಪಿಆರ್‌ಪಿಯ ಬಲರಬೆ ಮೂಸಾ ಎಂಬ ಲೆಕ್ಕಪತ್ರದ ಮನುಷ್ಯನನ್ನು ಗವರ್ನರ್ ಮಾಡಿದರು. ಏಳು ದಿನದಲ್ಲಿ! ‘ಎ ಮ್ಯಾನ್ ಆಫ್ ದಿ ಪೀಪಲ್’ನಲ್ಲಿ ಮತದಾರನೆಂದರೆ ತಿನ್ನುವವರು ತಿನ್ನಲಿ, ನಮ್ಮೂರಿನ ಪಾಲು ನಮಗೆ ಬಂದರಾಯಿತು ಎನ್ನುವವನು. ಕುರುಡ ಭಿಕ್ಷುಕನ ಕೋಲು ಕದ್ದ ಅಂಗಡಿಯವನನ್ನು ಊರು ಬಹಿಷ್ಕರಿಸಬಲ್ಲದು, ಆದರೆ ದೇಶಕ್ಕೆ ಹಾಗೆ ಬೇಡವೆನ್ನುವ ಮನಸ್ಸಿಲ್ಲ ಎಂಬುದು ಒಡಿಲಿಯ ಕೊನೆಯ ತೀರ್ಮಾನ. ನಾವೆಲ್ಲ ಅದನ್ನು ಓದಿ ಸರಿ ಸರಿ ಎಂದವರು. ಕಡೂನಾದವರು ಮಾತ್ರ ಒಂದು ವಾರ ಒಂದು ಬಗೆ, ಮರುವಾರ ಇನ್ನೊಂದು ಬಗೆ ಯೋಚಿಸಿ ಹಾಕಿದ್ದಾರೆ. ಆ ಸಾಲುಗಳಲ್ಲಿ ಮೂರು ವರ್ಷದ ಹಿಂದಷ್ಟೇ ಹಕ್ಕು ಪಡೆದ ಹೆಂಗಸರೂ ಇದ್ದರು.

ಆಮೇಲೆ ಏನಾಯಿತು? ಪಿಆರ್‌ಪಿ ಸರ್ಕಾರಗಳು ಹರಾಜಿ ಎಂಬ ತಲೆಗಂದಾಯವನ್ನೂ ಜಂಗಾಲಿ ಎಂಬ ದನದ ತೆರಿಗೆಯನ್ನೂ ರದ್ದು ಮಾಡಿದವು. ಆದರೆ ಗವರ್ನರು ತನ್ನ ಮಂತ್ರಿಗಳನ್ನು ನೇಮಿಸಿಕೊಳ್ಳಲು ಶಾಸನಸಭೆಯ ಒಪ್ಪಿಗೆ ಬೇಕು. ಬಲರಬೆ ಮೂಸಾ ಕೊಟ್ಟ ಪಟ್ಟಿಯನ್ನು ಸಭೆ ತಿರಸ್ಕರಿಸಿತು. ತಮ್ಮವರನ್ನು ಸೇರಿಸಿಕೊಳ್ಳಿ ಎಂದು ಅವರು, ಆಗದು ಎಂದು ಇವರು. ಮಂತ್ರಿಗಳೇ ಇಲ್ಲದೆ ಸರ್ಕಾರ ನಡೆಯಿತು. 1981ರ ಜೂನ್ 23ರಂದು ಸಭೆ ವಾಗ್ದಂಡನೆ ನಡೆಸಿ ಅವರನ್ನು ಕೆಳಗಿಳಿಸಿತು. ಅಧಿಕಾರಕ್ಕೆ ಬಂದು ಇಪ್ಪತ್ತೊಂದು ತಿಂಗಳೂ ತುಂಬಿರಲಿಲ್ಲ. ನೈಜೀರಿಯಾದಲ್ಲಿ ಹಾಗೆ ಪದಚ್ಯುತರಾದ ಮೊದಲ ಗವರ್ನರು ಅವರೇ. ಜೀಪು ಹರಿಯಲಿಲ್ಲ, ಪಿಸ್ತೂಲು ಹಾರಲಿಲ್ಲ, ಎಲ್ಲವೂ ಕಾನೂನಿನ ಪುಸ್ತಕ ತೆರೆದಿಟ್ಟುಕೊಂಡೇ ಆಯಿತು. (ಬಲರಬೆ ಮೂಸಾ ತೀರಿಕೊಂಡದ್ದು 2020ರ ನವೆಂಬರಿನಲ್ಲಿ. ಅವರಲ್ಲಿ ಹಟಮಾರಿತನವೂ ಇದ್ದಿರಬೇಕು. 16 ಜನರನ್ನಿಟ್ಟುಕೊಂಡು 64 ಜನರೆದುರು ಒಂದಿಷ್ಟೂ ಬಗ್ಗದೆ ನಿಲ್ಲುವುದು ಧೈರ್ಯವೋ ರಾಜಕೀಯದ ತಿಳಿಗೇಡಿತನವೋ ಎಂದು ನಮ್ಮ ಬಳಗದಲ್ಲೇ ಎರಡು ಪಂಗಡವಾಯಿತು. ನಾನು ಧೈರ್ಯದ ಪಂಗಡ.)

ಗೋಷೆಯ ಒಳಗಿದ್ದವರಿಗೆ ಚುನಾವಣೆಯ ಸುದ್ದಿ ಮುಟ್ಟಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಕಡೂನಾ ರಾಜ್ಯದ್ದೇ ಹಳೆಯ ಪಟ್ಟಣವಾದ ಝಾರಿಯಾದ ಗಾಂಬೊ ಸವಾಬಾ ಸಿಕ್ಕಿದರು. 1933ರಲ್ಲಿ ಹುಟ್ಟಿದವರು, ಹದಿಮೂರಕ್ಕೇ ಮದುವೆಯಾದವರು. ಪಿಆರ್‌ಪಿ ಕಟ್ಟಿದ ಅಮೀನು ಕಾನೋ ಅವರ ಹಿಂದಿನ ಪಕ್ಷ ಎನ್‌ಇಪಿಯು. ಅದರ ಪ್ರಚಾರಕ್ಕೆ 1950ರ ದಶಕದಲ್ಲಿ ಇಳಿದವರು. ಗಂಡಸು ಪ್ರಚಾರಕ ಹೊಸ್ತಿಲಾಚೆ ನಿಲ್ಲಬೇಕಾದ ಮನೆಗಳೊಳಗೆ ಗಾಂಬೊ ನಡುಮನೆಯವರೆಗೂ ಹೋದರು, ಹೆಂಗಸರ ನಡುವೆ ಕೂತು ಓಟಿನ ಮಾತಾಡಿದರು. ಅದಕ್ಕಾಗಿಯೇ ಮತ್ತೆ ಮತ್ತೆ ಜೈಲು. ಹದಿನಾರು ಸಲ ಎನ್ನುತ್ತಾರೆ. 2001ರಲ್ಲಿ ತೀರಿಕೊಂಡರು. ಹೆಂಗಸರಿಗೆ ಓಟು ಬರುವ ಇಪ್ಪತ್ತು ವರ್ಷ ಮೊದಲೇ ಅದಕ್ಕಾಗಿ ಜೈಲು ಕಂಡ ಹೆಣ್ಣು. ಇವರ ನೆರಳಾದರೂ ಬಿದ್ದ ಒಂದು ಪಾತ್ರ ‘ಎ ಮ್ಯಾನ್ ಆಫ್ ದಿ ಪೀಪಲ್’ನಲ್ಲಿ ಇದ್ದಿದ್ದರೆ!

ಝಾರಿಯಾ ಸೀಮೆಯವಳೇ ಆದ ಇನ್ನೊಬ್ಬಳ ಪುಸ್ತಕವೂ ಅದೇ ಹುಡುಕಾಟದಲ್ಲಿ ಕೈಗೆ ಬಂತು: 1954ರಲ್ಲಿ ಪ್ರಕಟವಾದ ‘ಬಾಬಾ ಆಫ್ ಕಾರೋ’. ಬಾಬಾ ಎಂದ ಕೂಡಲೇ ಗಡ್ಡದ ಸ್ವಾಮಿಯನ್ನು ನೆನೆಯಬೇಡಿ, ಇವಳೊಬ್ಬ ಹೌಸಾ ಮುದುಕಿ. 1949-50ರಲ್ಲಿ ಮೇರಿ ಸ್ಮಿತ್ ಎಂಬ ಇಂಗ್ಲಿಷ್ ಹೆಣ್ಣುಮಗಳಿಗೆ ತನ್ನ ಬದುಕನ್ನು ಹೇಳಿದಳು, 1951ರಲ್ಲಿ ತೀರಿಕೊಂಡಳು. ಗುಲಾಮರನ್ನು ಹಿಡಿಯಲು ಬರುವ ದಾಳಿಗಳು, ಬಿಳಿಯರು ಬಂದದ್ದು, ನಾಲ್ಕು ಮದುವೆಗಳು, ಹೊಟ್ಟೆಯಲ್ಲಿ ಮಕ್ಕಳಾಗದೆ ಬೇರೆಯವರ ಮಕ್ಕಳನ್ನು ಸಾಕಿಕೊಂಡದ್ದು, ಇವೆಲ್ಲ ಅದರಲ್ಲಿವೆ. ಚುನಾವಣೆಯ ಒಂದಕ್ಷರವೂ ಇಲ್ಲ, ಇರುವಂತೆಯೂ ಇಲ್ಲ. ಆದರೂ 1979ರ ಆ ಸಾಲನ್ನು ಅರ್ಥಮಾಡಿಕೊಳ್ಳಲು ಅಚೆಬೆಗಿಂತ ಇವಳೇ ನನಗೆ ಹೆಚ್ಚು ಒದಗಿದಳು. ಹೆಂಗಸರು ಒಬ್ಬಳನ್ನೊಬ್ಬಳು ಆರಿಸಿಕೊಂಡು ಕಟ್ಟುವ ‘ಕಾವಾ’ ಎಂಬ ಗೆಳೆತನ, ಮದುವೆ ನಾಮಕರಣಗಳಿಗೆ ಕೊಟ್ಟದ್ದಕ್ಕೆ ಹೆಚ್ಚು ಸೇರಿಸಿ ಹಿಂದಿರುಗಿಸುವ ನಮ್ಮ ಮುಯ್ಯಿಯಂಥ ಲೆಕ್ಕ, ನೂಲು, ಅಡುಗೆ, ವ್ಯಾಪಾರ. ಹೌಸಾ ನಾಡಿನಲ್ಲಿ ಗೋಷೆಯ ಹೆಂಗಸು ಒಳಗೆ ಮಾಡಿದ ತಿಂಡಿಯನ್ನು ಹುಡುಗಿಯರು ತಟ್ಟೆಯಲ್ಲಿ ಹೊತ್ತು ಬೀದಿಯಲ್ಲಿ ಮಾರಿ ಬರುತ್ತಾರೆ. ತಟ್ಟೆ ಹೊರಗೆ ಹೋದರೆ ಸುದ್ದಿ ಒಳಗೆ ಬಾರದೆ ಇರುತ್ತದೆಯೇ? ಹೊರಗಿನಿಂದ ನೋಡಿದವರಿಗೆ ಅದು ಮುಚ್ಚಿದ ಬಾಗಿಲು. ಒಳಗೆ ಯಾರನ್ನು ನಂಬಬಹುದು, ಯಾರ ಮಾತು ಸುಳ್ಳು ಎಂದು ತೂಗುವ ಕೆಲಸ ದಿನವೂ ನಡೆದಿರುತ್ತದೆ.

ಈಗ ಅಚೆಬೆಯವರಿಗೆ ಮರಳಿ ನ್ಯಾಯ ಸಲ್ಲಿಸಬೇಕು. 1979ರ ಚುನಾವಣೆಯ ನಂತರದ ವರ್ಷಗಳಲ್ಲಿ ಅವರು ದೂರ ಕೂತು ವ್ಯಂಗ್ಯ ಬರೆಯುತ್ತ ಉಳಿಯಲಿಲ್ಲ. ದಕ್ಷಿಣದವರಾದ ಅವರು ಸೇರಿದ್ದು ಉತ್ತರದ ಇದೇ ಪಿಆರ್‌ಪಿಯನ್ನು. ಅದರ ಪದಾಧಿಕಾರಿಯೂ ಆದರು. 1983ರ ‘ದಿ ಟ್ರಬಲ್ ವಿತ್ ನೈಜೀರಿಯಾ’ ಎಂಬ ಕಿರುಪುಸ್ತಕದಲ್ಲಿ ದೇಶದ ನಾಯಕರನ್ನೆಲ್ಲ ಜಾಲಾಡಿ, ಆ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡ ಅಮೀನು ಕಾನೋ ಅವರನ್ನು ಮಾತ್ರ ಗೌರವದಿಂದ ನೆನೆದರು. ಅದೇ ವರ್ಷದ ಕೊನೆಯ ದಿನ ಮತ್ತೆ ಮಿಲಿಟರಿ ಬಂತು. 1987ರಲ್ಲಿ ‘ಆಂಟ್‌ಹಿಲ್ಸ್ ಆಫ್ ದಿ ಸವಾನಾ’ ಕಾದಂಬರಿ. ಅದರ ಬಿಯಾಟ್ರಿಸ್‌ಳನ್ನು ನೋಡಿದರೆ ಅಚೆಬೆ ತಮ್ಮ ಹಳೆಯ ಪುಸ್ತಕವನ್ನು ತಾವೇ ತಿದ್ದಲು ಕೂತಂತಿದೆ. ಗಂಡಸರೆಲ್ಲ ಒಬ್ಬೊಬ್ಬರಾಗಿ ಸತ್ತ ಮೇಲೆ ಅವಳ ಮನೆಯಲ್ಲಿ ಹೆಣ್ಣುಮಗುವಿಗೆ ಹೆಸರಿಡುವುದು ಅವಳೇ, ಇಡುವುದು ಗಂಡುಹೆಸರು. 1929ರ ಹೆಂಗಸರ ಬಂಡಾಯದ ನೆನಪೂ ಅಲ್ಲಿ ಬರುತ್ತದೆ. ಅಂಗಡಿಯಲ್ಲಿ ದುಡಿಯುವ ಎಲೆವಾಳಿಗೂ ಜಾಗವಿದೆ.

ಇಷ್ಟಾದರೂ ಒಂದು ಎಡೆ ಖಾಲಿಯೇ. ಆ ಕಾದಂಬರಿಯಲ್ಲೂ ಒಂದು ಮತದಾನವಿದೆ: ಸೈನ್ಯಾಧಿಕಾರಿ ಆಜೀವ ಅಧ್ಯಕ್ಷನಾಗಲು ಜನಮತ ಕೇಳಿದಾಗ ಅಬಾಝಾನ್ ಎಂಬ ಬರಪೀಡಿತ ಪ್ರಾಂತ ಆಗದು ಎನ್ನುತ್ತದೆ. ದೇಶಕ್ಕೆ ಬೇಡವೆನ್ನುವ ಮನಸ್ಸಿಲ್ಲ ಎಂದಿದ್ದ ಲೇಖಕರು ಇಪ್ಪತ್ತೊಂದು ವರ್ಷದ ಮೇಲೆ ಒಂದು ‘ಬೇಡ’ವನ್ನು ಬರೆದರು. ಸಿಟ್ಟಾದ ಸರ್ಕಾರ ಅಲ್ಲಿನ ಕೊಳವೆಬಾವಿಗಳ ಕೆಲಸ ನಿಲ್ಲಿಸಿಬಿಡುತ್ತದೆ. ಆ ‘ಬೇಡ’ದ ಕಥೆಯನ್ನು ರಾಜಧಾನಿಗೆ ಬಂದು ಹೇಳುವವನು ಬಿಳಿಗಡ್ಡದ ಒಬ್ಬ ಮುದುಕ. ಅದ್ಭುತವಾಗಿ ಹೇಳುತ್ತಾನೆ, ನಾನೂ ಕಣ್ಣೀರಾಗಿದ್ದೇನೆ. ಆದರೆ ಬಾವಿ ನಿಂತಾಗ ಕೊಡ ಹೊತ್ತು ಮೈಲಿಗಟ್ಟಲೆ ನಡೆದವರು ಯಾರು? ಅವರು ‘ಬೇಡ’ ಹಾಕಿದರೇ, ‘ಬೇಕು’ ಹಾಕಿದರೇ? ಬಿಯಾಟ್ರಿಸ್ ಹಣಕಾಸು ಇಲಾಖೆಯ ಅಧಿಕಾರಿ, ಲಂಡನ್ನಿನಲ್ಲಿ ಓದಿದವಳು. ಅಬಾಝಾನಿನ ಹೆಂಗಸು ರಾಜಧಾನಿಗೆ ಬರುವುದಿಲ್ಲ, ಲೇಖಕರೂ ಅವಳಿದ್ದಲ್ಲಿಗೆ ಹೋಗುವುದಿಲ್ಲ.

ಇದನ್ನೆಲ್ಲ ಒಂದು ಶನಿವಾರ ಬಳಗದಲ್ಲಿ ಒಪ್ಪಿಸಿದೆ. ಹಳೆಯ ಲೇಖನದ ಆ ‘ನಗೆ ಪ್ರಸಂಗ’ದ ಸಾಲನ್ನೂ ಓದಿ ಹೇಳಿದೆ. ಯಾರೂ ಬೈಯಲಿಲ್ಲ. ಟೀಚರು ‘ಬಾಬಾ ಆಫ್ ಕಾರೋ’ವನ್ನು ಕೈಗೆ ತೆಗೆದುಕೊಂಡು ರಕ್ಷಾಪುಟ ತಿರುಗಿಸಿ ನೋಡಿ, “ಬರೆದವರ ಹೆಸರು ಇದಾ? ಹೇಳಿದವಳು ಆ ಮುದುಕಿ ಅಲ್ಲವಾ?” ಅಂದರು. ಹೌದು, ಹೇಳಿದವಳ ಹೆಸರು ಪುಸ್ತಕಕ್ಕಾಯಿತು, ಬರೆದುಕೊಂಡವಳದ್ದು ಕರ್ತೃವಿನ ಜಾಗಕ್ಕೆ ಎಂದೆ. “ಹಾಗಾದರೆ ಇದನ್ನೇ ಹೇಳು, ಮೊದಲಿನಿಂದ” ಎಂದರು.

ತಿಂಗಳಿಗೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ. ಈಗ ಎರಡನೆಯ ಮದುವೆಯವರೆಗೆ ಬಂದಿದ್ದೇವೆ. ನಡುವೆ ಪ್ರಶ್ನೆಗಳು ಹೆಚ್ಚಾಗಿ, ಚಹಾ ಇಳಿಸುವಾಗ ಪ್ರತಿ ಸಲವೂ ದೀಪ ಹಚ್ಚುವ ಹೊತ್ತಾಗಿರುತ್ತದೆ.